ನೂಲಿನ ಮಟ್ಟಕ್ಕೆ ಹಾಕಿದ ಫರಸಿ

ಆ ವರ್ಷದ ಮಳೆಯಲ್ಲಿ ನಮ್ಮ ಮಗ್ಗದ ಕುಣಿಗೆ ನೀರು ಬಂದಿತ್ತೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ಬಂದಿತ್ತು ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದಿದ್ದೇನೆ. ಪಾದ ಮುಳುಗುವಷ್ಟು ತಣ್ಣನೆಯ ನೀರು, ಅದರ ಮೇಲೆ ತೇಲುತ್ತಿದ್ದ ಕೆಂಪು ನೂಲಿನ ತುಂಡು, ಕೈ ಇಟ್ಟರೆ ಕಳಚಿ ಬೀಳುತ್ತಿದ್ದ ಮಣ್ಣಿನ ಅಂಚು, ಎಲ್ಲವೂ ಈಗ ನೋಡಿದ ಹಾಗಿದೆ. ಆದರೆ ಅಕ್ಕ ಒಪ್ಪುವುದಿಲ್ಲ. ಆ ವರ್ಷ ನಮ್ಮ ಕುಣಿಗೆ ಹನಿ ನೀರು ಬರಲಿಲ್ಲ ಎನ್ನುತ್ತಾಳೆ. ನಾನು ಧಾರವಾಡದಲ್ಲಿ ಇತಿಹಾಸ ಓದಿ ಎಂ.ಎ. ಮಾಡಿದವನು. ಸಾಕ್ಷಿದಾರ ಎಷ್ಟು ಸ್ಪಷ್ಟವಾಗಿ ಹೇಳುತ್ತಾನೋ ಅಷ್ಟು ಅನುಮಾನಿಸಬೇಕು ಎಂದು ಅಲ್ಲಿ ಕಲಿತೆ. ಬೇರೆಯವರ ನೆನಪಿಗೆ ಆ ಪಾಠವನ್ನು ಹಚ್ಚುವುದು ಸುಲಭವಿತ್ತು.

ಬರೀ ನೀರಿನ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆ ಕುಣಿ ಒಣಗಿ ಉಳಿದರೆ ನಾನು ಬೆಟಗೇರಿ ಬಿಟ್ಟು ಧಾರವಾಡಕ್ಕೆ ಹೋಗುವವನಿದ್ದೆ. ಹೋಗಲಿಲ್ಲ.

ನಮ್ಮದು ನೇಕಾರರ ಓಣಿ. ಅದಕ್ಕೆ ಇದ್ದದ್ದು ಒಂದೇ ಬಾಯಿ. ಇನ್ನೊಂದು ತುದಿಗೆ ಅರಳೆ ಗೋದಾಮಿನ ಹಿಂಗೋಡೆ ಅಡ್ಡ ನಿಂತಿತ್ತು. ಅದಕ್ಕೆ ಹತ್ತಿದ ಕೊನೆಯ ಮನೆ ನಮ್ಮದು. ನಮ್ಮ ಬಾಗಿಲಲ್ಲಿ ನಿಂತರೆ ಬಲಕ್ಕೆ ಆ ಗೋಡೆ, ಎದುರಿಗೆ ಎದುರುಮನೆಯ ಗೋಡೆ. ಎಲ್ಲಿಗೆ ಹೋಗಬೇಕಾದರೂ ಓಣಿಯ ಎಲ್ಲ ಕಟ್ಟೆಗಳ ಮುಂದೆ ಹಾಯಬೇಕು, ಪ್ರತಿ ಕಟ್ಟೆಗೂ "ಎಲ್ಲಿಗೆ ಹೊಂಟಿ" ಎಂಬುದಕ್ಕೆ ಉತ್ತರ ಕೊಡಬೇಕು. ಧಾರವಾಡದಿಂದ ಮರಳಿ ಬಂದ ಮೇಲೆ ನನ್ನ ಹತ್ತಿರ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಸಂಜೆ ಗದಗ ಸ್ಟೇಷನ್ನಿನಿಂದ ಹುಬ್ಬಳ್ಳಿ ಕಡೆಗೆ ಹೋಗುವ ಗಾಡಿಯ ಸಿಳ್ಳು ಕೇಳಿಸುತ್ತಿತ್ತು. ಅಪ್ಪ ಆಗ ನನ್ನ ಮುಖ ನೋಡುತ್ತಿರಲಿಲ್ಲ ಎಂದು ನೆನಪು. ಅಥವಾ ನಾನೇ ಅವನ ಮುಖ ನೋಡುತ್ತಿರಲಿಲ್ಲ.

ಪ್ರತಿ ಮನೆಯಲ್ಲೂ ಬೀದಿಗೋಡೆಗೆ ಹೊಂದಿ, ಕಿಟಕಿಯ ಬೆಳಕಿಗೆ ಮಗ್ಗ ಇರುತ್ತಿತ್ತು. ನೇಯುವವ ನೆಲದ ಮೇಲೆ ಕೂತು, ಮೊಣಕಾಲುದ್ದ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ತುಳಿಯಬೇಕು. ಓಣಿ ಗೋದಾಮಿನ ಕಡೆಗೆ ಸ್ವಲ್ಪ ಇಳಿದಿದ್ದರಿಂದ ಎಲ್ಲರ ಮಳೆನೀರು, ಬಚ್ಚಲ ನೀರು ಸಹಿತ, ಹರಿದು ಬಂದು ನಮ್ಮ ಮನೆ ಮುಂದೆ ಮಡುಗಟ್ಟುತ್ತಿತ್ತು. ಮಣ್ಣಿನ ಗೋಡೆ ಅದನ್ನು ಕುಡಿಯುತ್ತಿತ್ತು. ಒಂದೆರಡು ದಿನದಲ್ಲಿ ಕುಣಿಯೊಳಗೆ ಜಿನುಗತೊಡಗುತ್ತಿತ್ತು. ಹಿಂದಿನ ಹಿಂಗಾರಿ ಮಳೆಯಲ್ಲಿ ಅಪ್ಪ ಆ ನೀರಿನಲ್ಲೇ ಕಾಲಿಟ್ಟು ನೇಯ್ದಿದ್ದ. ಬೆರಳಸಂದು ಬಿರಿದು, ಹಿಮ್ಮಡಿ ಬಾತು, ಬೇಸಿಗೆ ಬಂದರೂ ಮಾಯಲಿಲ್ಲ. ಹಳೆ ಸೀರೆಯ ಅರಿವೆ ಸುತ್ತಿದ ಪಾದಗಳನ್ನು ಬಿಸಿಲಿಗೆ ಚಾಚಿ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಮಗ್ಗ ಖಾಲಿ ನಿಂತಿತ್ತು. ಅವ್ವ ತೀರಿಹೋಗಿ ಬಹಳ ವರ್ಷವಾಗಿತ್ತು. ಅಕ್ಕ ಬೇರೆ ಮನೆಗಳ ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತಿ ಕೊಟ್ಟು ತಂದದ್ದು, ನಾನು ಟ್ಯೂಷನ್ ಹೇಳಿ ತಂದದ್ದು, ಇಷ್ಟರಲ್ಲಿ ಮನೆ ನಡೆಯುತ್ತಿತ್ತು.

ನನ್ನ ಪ್ರಾಧ್ಯಾಪಕರು ಧಾರವಾಡದ ಒಂದು ಕಾಲೇಜಿನಲ್ಲಿ ದೀಪಾವಳಿ ಕಳೆದ ಮೇಲೆ ತಾತ್ಕಾಲಿಕ ಅಧ್ಯಾಪಕನ ಜಾಗ ತೆರವಾಗುತ್ತದೆ ಎಂದು ಹೇಳಿಕಳಿಸಿದರು. ಸಂಬಳ ನನ್ನೊಬ್ಬನ ಹೊಟ್ಟೆಗೆ ಸಾಕು, ಮನೆಗೆ ಕಳಿಸಲು ಸಾಲದು. ಮೂವರೂ ಅದರ ಲೆಕ್ಕವನ್ನು ಬಾಯಿಬಿಟ್ಟು ಆಡದೆ ಮಾಡಿದೆವು. ಕೊನೆಗೆ ಅಪ್ಪನೇ ಹೇಳಿದ:

"ನನಗ ಒಣಾ ಕುಣಿ ಇದ್ರ ಸಾಕಪಾ. ಕಾಲು ತಾವ ಮಾಯ್ತಾವ. ನೀ ನಿನ್ನ ಹಾದಿ ಹಿಡಿ."

ಹಾಗಾಗಿ ನನಗೆ ಗಟಾರ ಬೇಕಾಗಿತ್ತು. ಓಣಿಯ ಉದ್ಧಾರಕ್ಕೆ ಓಡಾಡಿದ ಎಂದು ಆಮೇಲೆ ಕೆಲವರು ನನ್ನನ್ನು ಹೊಗಳಿದ್ದುಂಟು. ಅವರಿಗೆ ಧಾರವಾಡದ ವಿಷಯ ಗೊತ್ತಿರಲಿಲ್ಲ.

ಓಣಿಗೆ ಗಟಾರವೂ ಫರಸಿಯೂ, ಅಂದರೆ ಕಲ್ಲುಹಾಸೂ, ಬೇಕೆಂದು ನಾನು ಬರೆದ ಅರ್ಜಿಗೆ ಪುರಸಭೆಯ ಕಚೇರಿಯಲ್ಲಿ ಇಲ್ಲ ಎನ್ನಲಿಲ್ಲ. ಕಲ್ಲು, ಸುಣ್ಣ, ಮರಳು ಅವರು ಕೊಡುತ್ತಾರೆ. ಕೂಲಿಯನ್ನು ಓಣಿಯವರು ಹೊರಬೇಕು. ಕೂಲಿಯ ರೊಕ್ಕ ಮೊದಲು ತೋರಿಸಿದರೆ ಕಲ್ಲಿನ ಗಾಡಿ ಬರುತ್ತದೆ. ಇದನ್ನು ಓಣಿಗೆ ಬಂದು ಹೇಳಿದಾಗ ಸಭೆ ಸೇರಿತು. ಓಣಿಯ ಬಾಯಲ್ಲಿ ಮನೆಯಿದ್ದ ಹಿರಿಯರೊಬ್ಬರು ಸಭೆಗೆ ಯಾವಾಗಲೂ ಮುಖ್ಯಸ್ಥರು, ಯಾರೂ ಆರಿಸದಿದ್ದರೂ. ರುಮಾಲು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರೆ ಮಾತು ಶುರುವಾಯಿತು ಎಂದು ಅರ್ಥ.

ಮನೆಗಿಷ್ಟು ಎಂದು ಪಟ್ಟಿ ಹಾಕೋಣ ಎಂದೆ. ಓಣಿಯ ಮೇಲಿನ ತುದಿಯವನೊಬ್ಬ ಹೇಳಿಯೇಬಿಟ್ಟ, "ನೀರು ನಿಲ್ಲೂದು ನಿಮ್ಮನಿ ಮುಂದ. ರೊಕ್ಕ ನಮ್ಮನಿಯಿಂದ ಯಾಕಪಾ?"

ಅಕ್ಕ ಒಳಗಿನಿಂದಲೇ ಅಂದಳು, "ನಿಂತ ನೀರು ಒಮ್ಮೆ ಮೂಸಿ ನೋಡ್ರಿ ಅಣ್ಣಾರ. ನಿಮ್ಮ ಬಚ್ಚಲದ್ದು ಹೌದೋ ಅಲ್ಲೋ ಗುರುತ ಸಿಗ್ತೈತಿ."

ನಕ್ಕರು, ಆದರೆ ಪಟ್ಟಿ ಅಲ್ಲಿಗೆ ಮುಗಿಯಿತು. ಅರಳೆ ಪೇಟೆಯ ಒಬ್ಬ ದಲಾಲಿ ಎಲ್ಲ ಕೂಲಿ ತಾನೇ ಕೊಡುವೆನೆಂದು ಹೇಳಿಕಳಿಸಿದ. ಓಣಿಯ ಬಾಯಿಗೆ ತನ್ನ ತಂದೆಯ ಹೆಸರಿನ ಕಲ್ಲು ನಿಲ್ಲಿಸಬೇಕಂತೆ. ಆ ತಂದೆ ಬದುಕಿದ್ದಾಗ ನೂಲಿನ ತೂಕದಲ್ಲಿ ಎಲ್ಲರಿಗೂ ಮೋಸ ಮಾಡಿದವನು. ಸತ್ತ ಮೇಲೆ ಅವನ ಓಣಿಯಲ್ಲಿ ಬಾಳುವುದು ಬೇಡವೆಂದರು. ಬೊಂಬಾಯಿಯ ಮಿಲ್ಲುಗಳಿಗೆ ಹೋದ ಓಣಿಯ ಮಕ್ಕಳಿಗೆ ಬರೆದೆ. ಉತ್ತರ ಬಂದವು, ಎಲ್ಲವೂ ಕ್ಷೇಮಸಮಾಚಾರ ಕೇಳಿ.

ಆಗ ಹಿರಿಯರು ಮುಯ್ಯಿಯ ಮಾತು ಎತ್ತಿದರು. ಹೊಲದವರಲ್ಲಿ ಇದೆ, ನಮ್ಮಲ್ಲೂ ಇತ್ತು: ಒಬ್ಬರ ಕೆಲಸಕ್ಕೆ ಎಲ್ಲರೂ ಕೈ ಕೊಡುವುದು, ಮರಳಿ ಕೈಯನ್ನೇ ಪಡೆಯುವುದು. "ರೊಕ್ಕಾ ಕೇಳಿದ್ರ ಯಾರೂ ಬರಂಗಿಲ್ಲ. ಕೈ ಕೇಳ್ರಿ, ಬಂದಾರು," ಎಂದರು. ನೂಲು ಉದ್ದರಿ ತಂದು ಓಣಿಯ ಹೆಸರಲ್ಲಿ ಒಂದು ಉದ್ದನೆಯ ಹಾಸು, ಅಂದರೆ ಹಲವು ಸೀರೆಗಾಗುವಷ್ಟು ಉದ್ದೆಳೆ, ಹಾಕುವುದು. ಅದನ್ನು ಒಂದೇ ಮಗ್ಗಕ್ಕೆ ಏರಿಸಿ, ಮನೆಗೊಬ್ಬರು ಪಾಳಿಯಿಂದ ಬಂದು ಒಂದೊಂದು ಸೀರೆ ನೇಯುವುದು. ಮಾರಿದ್ದು ಗಟಾರದ ಕೂಲಿಗೆ. ಖಾಲಿ ಇದ್ದ ಮಗ್ಗ ನಮ್ಮದೊಂದೇ.

ಅಂದಿನಿಂದ ನಮ್ಮ ಮನೆ ನಮ್ಮದಾಗಿ ಉಳಿಯಲಿಲ್ಲ. ಬೆಳಗಾದರೆ ಯಾರೋ ಒಬ್ಬರು ಅಪ್ಪನ ಜಾಗದಲ್ಲಿ ಕುಣಿಗೆ ಕಾಲು ಬಿಟ್ಟು ಕೂತಿರುತ್ತಿದ್ದರು. ಒಬ್ಬ ಹಾಡುತ್ತಿದ್ದ, ಒಬ್ಬ ಕೆಮ್ಮುತ್ತಿದ್ದ, ಒಬ್ಬ ನಮ್ಮ ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ದಿನಾ ಹೇಳುತ್ತಿದ್ದ. ನನ್ನ ಪುಸ್ತಕಗಳಿದ್ದ ಗೂಡು ಮಗ್ಗದ ಹಿಂದೆ ಇತ್ತು. ಒಂದು ಪುಸ್ತಕ ಬೇಕಾದರೆ ಯಾರದೋ ತಲೆಯ ಮೇಲಿಂದ ಕೈ ಚಾಚಬೇಕು. ಹೊರಗೆ ಕಟ್ಟೆಯ ಮೇಲೆ ಅಪ್ಪ ಕಣ್ಣು ಮುಚ್ಚಿ ಕೂತು ಮಗ್ಗದ ಪೆಟ್ಟು ಕೇಳುತ್ತಿದ್ದ. "ಹಗರಕ ಬಡಿಯೋ, ಅದೇನು ನಿಮ್ಮ ಎತ್ತಲ್ಲ," ಎನ್ನುತ್ತಿದ್ದ. ನಾನು ಎಲ್ಲಿ ಕೂರಬೇಕೆಂದು ತಿಳಿಯದೆ ಓಣಿಯ ಬಾಯಿಗೆ ಹೋಗುತ್ತಿದ್ದೆ, ಅಲ್ಲಿಂದ ಮರಳಿ ಗೋಡೆಗೆ ಬರುತ್ತಿದ್ದೆ.

ಸೀರೆ ಮಾರುವ ಕೆಲಸವೂ ನನಗೇ ಬಂತು. ಅಂಗಡಿಗೆ ಕೊಟ್ಟರೆ ಬೆಲೆ ಸಿಗುವುದಿಲ್ಲ, ಎಂ.ಎ. ಸಾಹೇಬ ಖಾಲಿ ಇದ್ದಾನೆ, ಸಂತೆಗೆ ಹೋಗಲಿ ಎಂದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಗಂಟು ಬಸ್ಸಿನ ತಲೆಯ ಮೇಲೆ, ನಾನು ಒಳಗೆ. ಊರು ಬಿಡುವ ಖುಷಿ ಬಸ್ಸು ಹೊರಟಾಗ ಒಂದಿಷ್ಟು ಇರುತ್ತಿತ್ತು. ಸಂಜೆ ಅದೇ ಬಸ್ಸು ನನ್ನನ್ನು ಅಲ್ಲಿಗೇ ತಂದು ಇಳಿಸುತ್ತಿತ್ತು. ಹೊಲಗಳ ನಡುವೆ ಓಡುವ ಬಸ್ಸೂ ನಮ್ಮ ಓಣಿಯ ಉದ್ದವೇ ಇದೆ ಅನಿಸುತ್ತಿತ್ತು.

ಶಿರಹಟ್ಟಿಯ ಸಂತೆಯಲ್ಲಿ ಬೆಳ್ಳಟ್ಟಿಯಿಂದ ಬಂದ ಒಬ್ಬ ಮುದುಕಿ ಒಂದರ ಮೇಲೊಂದು ಸೀರೆ ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಬಣ್ಣ ಒಂದೇ, ನೂಲು ಒಂದೇ, ಆದರೆ ಒಂದು ಬಿಗಿ, ಒಂದು ಸಡಿಲು, ಇದೇನು ಎಂದಳು. ನಾನು ಇದ್ದದ್ದು ಇದ್ದಂತೆ ಹೇಳಿದೆ, ಓಣಿಯವರೆಲ್ಲ ಪಾಳಿಯಿಂದ ನೇಯ್ದದ್ದು, ಗಟಾರಕ್ಕಾಗಿ ಎಂದು. ಅವಳು ಅತಿ ಸಡಿಲಾದ ಸೀರೆಯನ್ನೇ ಆರಿಸಿ ಮಡಿಲಿಗೆ ಹಾಕಿಕೊಂಡಳು.

"ಗಟಾರ ಆತಂದ್ರ ಮಗ್ಗ ಇಳಿಸಬ್ಯಾಡ್ರಿ ಮತ್ತ," ಎಂದಳು. "ನಮ್ಮೂರ ಬಾವಿಗೆ ಒಂದು ಕಟ್ಟಿ ಬೇಕಾಗೇತಿ. ಅದಕ್ಕೂ ಒಂದು ಹಾಸು ಹಾಕ್ರಿ."

ಬೇಸಿಗೆ ಮುಗಿಯುವ ಹೊತ್ತಿಗೆ ಕೂಲಿಗೆ ಸಾಕಾಗುವಷ್ಟು ಆಯಿತು. ಕಲ್ಲಿನ ಗಾಡಿಗಳು ಬಂದವು. ಕಲ್ಲು ಕೂರಿಸಲು ಕಳಸಾಪುರದ ಒಬ್ಬ ಗೌಂಡಿಯನ್ನು ಗೊತ್ತು ಮಾಡಿದೆವು. ಕಚೇರಿಯವರು ಕೊಟ್ಟ ನಕ್ಷೆಯಲ್ಲಿ ಓಣಿಯೂ ಗಟಾರವೂ ಗೋದಾಮಿನ ಕಡೆಗೆ ಇಳಿದು, ಗೋಡೆಯ ಬುಡದಲ್ಲಿ ಒಂದು ಮೋರಿಯಿಂದ ಆಚೆಯ ಹಳ್ಳಕ್ಕೆ ಸೇರಬೇಕಿತ್ತು. ಗೋದಾಮಿನವರು ಮೋರಿಗೆ ಒಪ್ಪಿದ್ದರು. ಇಲ್ಲಿಯ ತನಕ ಎಲ್ಲ ಸರಿ.

ಆದರೆ ನಮ್ಮ ಓಣಿ ನಡೆಯಲಿಕ್ಕಷ್ಟೇ ಇದ್ದದ್ದಲ್ಲ. ಬೆಳಗಿನ ತಂಪಿನಲ್ಲಿ ಇಡೀ ಓಣಿಯುದ್ದ ಬಿದಿರಿನ ಕತ್ತರಿಗಾಲುಗಳ ಮೇಲೆ ಹಾಸನ್ನು ಬಿಗಿದು, ಅದಕ್ಕೆ ಗಂಜಿ ಸವರಿ ಒಣಗಿಸುತ್ತಿದ್ದೆವು. ನೆಲ ಇಳಿಜಾರಿದ್ದರೆ ಗಂಜಿ ಕೆಳಗಿನ ತುದಿಗೆ ಇಳಿಯುತ್ತದೆ. ಅಲ್ಲಿ ಎಳೆ ಕಡ್ಡಿಯಾಗುತ್ತದೆ, ಮೇಲಿನ ತುದಿಯಲ್ಲಿ ಗಂಜಿ ಸಾಲದೆ ಕಡಿದು ಹೋಗುತ್ತದೆ. ಅದಕ್ಕೇ ಅಜ್ಜನ ಕಾಲದಿಂದ ಕೆಳಗಿನ ಕತ್ತರಿಗಾಲುಗಳಿಗೆ ಕಲ್ಲು ಒಟ್ಟಿ ಎತ್ತರಿಸುವುದು, ಎಳೆಗೆ ಕಣ್ಣು ಹಚ್ಚಿ ನೋಡುವುದು, ಮತ್ತೆ ಒಂದು ಚಿಪ್ಪು ಕಲ್ಲು ಸೇರಿಸುವುದು. ಈಗ ಎಲ್ಲರೂ ನೇಯ್ದ ಸೀರೆಯಿಂದ ಫರಸಿ ಬರುತ್ತಿರುವಾಗ ಮತ್ತೆ ಅದೇ ಇಳಿಜಾರು ಯಾಕೆ? ಕೆಳಗಿನ ತುದಿಗೆ ಮಣ್ಣು ತುಂಬಿ, ಓಣಿ ಸಪಾಟಾಗಲಿ. ನೀರಿಗೆ ಗಟಾರ ಇದೆಯಲ್ಲ.

ಇದನ್ನು ಮೊದಲು ಯಾರು ಹೇಳಿದರು ಎಂಬುದು ಇಂದಿಗೂ ಬಗೆಹರಿದಿಲ್ಲ. ಹಿರಿಯರು ಎಂದು ನನ್ನ ನೆನಪು. ಹಿರಿಯರು ಸಾಯುವ ತನಕ ಅದು ನಮ್ಮಪ್ಪನ ಮಾತು ಎಂದರು. ಅಕ್ಕನ ಪ್ರಕಾರ ಎಲ್ಲರೂ ಒಮ್ಮೆಲೇ ಅಂದರು. ನಾನು ವಿರೋಧಿಸಿದೆ ಎಂದು ಬಹಳ ದಿನ ನಂಬಿದ್ದೆ. ಅಕ್ಕ ಹೇಳುತ್ತಾಳೆ, ನೀನು ಆಗ ಪೇಪರ್ ಓದುತ್ತಾ ಕೂತಿದ್ದೆ.

ಗೌಂಡಿ ನಕ್ಕದ್ದು ಮಾತ್ರ ಎಲ್ಲರಿಗೂ ನೆನಪಿದೆ. "ನೀರು ನೂಲಿನ ಮಾತು ಕೇಳಂಗಿಲ್ರಿ ಯಜಮಾನ್ರ," ಎಂದ.

"ಕೂಲಿ ನಮ್ಮ ನೂಲಿಂದೈತಿ," ಎಂದರು ಹಿರಿಯರು. "ನೀ ಅದರ ಮಾತು ಕೇಳು."

ಅವನು ಕೇಳಿದ. ಗೌಂಡಿಯ ದಾರದ ಮೇಲೆ ನಮ್ಮವರಿಗೆ ನಂಬಿಕೆ ಬರಲಿಲ್ಲ. ತಮ್ಮದೇ ಹುರಿ ನೂಲನ್ನು ಓಣಿಯುದ್ದ ಬಿಗಿದು, ಅದರ ಕೆಳಗೆ ಒಂದೊಂದು ಕಲ್ಲನ್ನೂ ಕೂರಿಸಿದರು. ಎಳೆಯ ಬಿಗಿತ ನೋಡಿ ಸಾಲು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಫರಸಿ ಮುಗಿದ ಮೇಲೆ ಗಟಾರದ ತಳ ಬಂತು. ನೂಲು ಬಿಗಿದೇ ಇತ್ತು. ಅದೇ ನೂಲಿನಿಂದ ಗಟಾರಕ್ಕೂ ಮಟ್ಟ ಹಿಡಿದರು. ಯಾರಿಗೂ ತಪ್ಪೆನಿಸಲಿಲ್ಲ. ಹುಟ್ಟಿದಾಗಿನಿಂದ ಏರುಪೇರಿನ ಜೊತೆ ಜಗಳಾಡಿದವರಿಗೆ ಸಮ ಎಂದರೆ ಚಂದ. ತುದಿ ಎತ್ತರಿಸಿದ್ದರಿಂದ ನಮ್ಮ ಕಟ್ಟೆಗೆ ಒಂದು ಮೆಟ್ಟಿಲು ಕಡಿಮೆಯಾಯಿತು. ಕೊನೆಯ ದಿನಗಳಲ್ಲಿ ಗೌಂಡಿ ನಮ್ಮ ಮನೆ ಮುಂದೆ ಕೆಲಸ ಮಾಡುತ್ತಿದ್ದ. ಮಧ್ಯಾಹ್ನ ಅಕ್ಕ ಕೊಟ್ಟ ಮಜ್ಜಿಗೆ ಕುಡಿಯುತ್ತಾ ಅಪ್ಪನ ಪಾದದ ಅರಿವೆ ನೋಡುತ್ತಾ ಕೂರುತ್ತಿದ್ದ. ಏನೇನು ಮಾತಾಡಿದರೋ, ನಾನು ಹೆಚ್ಚು ಹೊತ್ತು ಪೋಸ್ಟಿನವನ ದಾರಿ ಕಾಯುತ್ತಾ ಓಣಿಯ ಬಾಯಲ್ಲಿರುತ್ತಿದ್ದೆ.

ಹೊಸ ಫರಸಿಯ ಮೇಲೆ ಮೊದಲ ಹಾಸು ಬಿಗಿದ ಬೆಳಗು ಚೆನ್ನಾಗಿತ್ತು. ಯಾವ ಕತ್ತರಿಗಾಲಿನ ಕೆಳಗೂ ಕಲ್ಲಿಲ್ಲ. ಗಂಜಿ ತುದಿಯಿಂದ ತುದಿಗೆ ಒಂದೇ ಸಮ ಕೂತಿತು. ಹಿರಿಯರು ಕೈ ಹಿಂದೆ ಕಟ್ಟಿಕೊಂಡು ಹಾಸಿನ ಪಕ್ಕ ನಡೆದು ಬಂದು, ಅಪ್ಪನ ಮುಂದೆ ನಿಂತು, "ಇನ್ನ ಸತ್ರೂ ಅಡ್ಡಿಯಿಲ್ಲ ನೋಡು," ಎಂದರು. ಅಪ್ಪ, "ಮಳಿ ಒಂದು ಆಗಲಿ, ತಡೀರಿ," ಎಂದ.

ಮುಂಗಾರು ತೆಳ್ಳಗೆ ಹೋಯಿತು. ಹಿಂಗಾರಿ ಮಳೆ ದೀಪಾವಳಿಗೆ ಸ್ವಲ್ಪ ಮುಂಚೆ ಬಂತು, ಎರಡು ಹಗಲು ಬಿಡಲಿಲ್ಲ. ನೀರು ಎಲ್ಲಿಗೂ ಹೋಗಲಿಲ್ಲ. ಗಟಾರ ತುಂಬಿ ಫರಸಿಯ ಮೇಲೆ ಏರಿ, ಓಣಿಯ ಬಾಯಿಂದ ಗೋದಾಮಿನ ತನಕ ಒಂದೇ ಹಾಳೆಯಂತೆ ನಿಂತಿತು. ಎಂದೂ ನೀರು ಕಾಣದ ಮೇಲಿನ ಮನೆಗಳ ಗೋಡೆಗಳೂ ಕುಡಿಯತೊಡಗಿದವು. ಹಿರಿಯರ ಕುಣಿಯಲ್ಲಿ ನೀರು ಬಂತೆಂದು ಕೂಗು ಬಂದಾಗ ನಂಬಲು ಯಾರಿಗೂ ಆಗಲಿಲ್ಲ. ಆಮೇಲೆ ಪಕ್ಕದ ಮನೆ, ಅದರ ಎದುರಿನದು. ತಂಬಿಗೆ, ಕೊಡ, ಡಬ್ಬಿ ಹಿಡಿದು ಗಂಡಸರೆಲ್ಲ ಮನೆಯಿಂದ ಮನೆಗೆ ಓಡಿದೆವು. ಕುಣಿಗೆ ಇಳಿಯುವುದು, ತೋಡಿ ತೋಡಿ ಹೊರಗೆ ಚೆಲ್ಲುವುದು. ಹೊರಗೆ ಚೆಲ್ಲಿದ್ದು ಅದೇ ಮಡುವಿಗೆ ಸೇರಿ ಇನ್ನೊಬ್ಬರ ಗೋಡೆಗೆ ಹೋಗುತ್ತಿತ್ತು. ಹಿರಿಯರು ರುಮಾಲಿಲ್ಲದ ತಲೆಯಲ್ಲಿ, ಕುಣಿಯೊಳಗೆ ನಿಂತ ನನ್ನನ್ನು ಮೇಲಿಂದ ನೋಡಿ ಕೇಳಿದರು:

"ಅಲ್ಲೋ, ನೀರು ತಗ್ಗಿಗೆ ಹರಿತೈತಿ ಅನ್ನೂದು ನಿಮ್ಮ ಧಾರವಾಡದಾಗ ಕಲಿಸಿಲ್ಲೇನು?"

ಸುತ್ತಲಿದ್ದವರು ನಗಲಿಲ್ಲ. ಆ ಮಾತು ಓಣಿಯ ತೀರ್ಮಾನವಾಯಿತು. ಅರ್ಜಿ ಬರೆದವನು, ನಕ್ಷೆ ತಂದವನು, ಸೀರೆ ಮಾರಿದವನು ನಾನು. ಹಾಗಾಗಿ ಕಲ್ಲು ಎಬ್ಬಿಸಿ ಮತ್ತೆ ಹಾಕಿಸುವುದೂ ನನ್ನ ಕೆಲಸ. ಎಲ್ಲರ ಮಗ್ಗ ನಿಂತಿದ್ದವು. ಯಾರನ್ನು ನೋಡಿದರೂ "ಕಚೇರಿಗೆ ಹೋಗಿದ್ದ್ಯಾ" ಎನ್ನುತ್ತಿದ್ದರು. ಅದಕ್ಕೆ ಮೊದಲು ಕೊನೆಯ ಮನೆ ಎಂದರೆ ದಾರಿ ಉದ್ದ ಎಂದಷ್ಟೇ ಇತ್ತು. ಈಗ ಪ್ರತಿ ಕಟ್ಟೆಯೂ ತಡೆದು ವಿಚಾರಿಸುವ ಒಂದೊಂದು ನಾಕಾ ಆಯಿತು.

ನಮ್ಮ ಮನೆಗೆ ನಾನು ಮರಳಿದ್ದು ಎರಡನೆಯ ಸಂಜೆ. ಮೊಣಕಾಲಿನ ತನಕ ಕೆಸರು. ಅಪ್ಪ ಒಳಗೆ ಮಗ್ಗದ ಪಕ್ಕ ಕೂತಿದ್ದ. ಅವನು ಕೇಳಿದ ಮಾತು ಇದು, ಅಥವಾ ಇದಕ್ಕೆ ಹತ್ತಿರದ್ದು: "ಧಾರವಾಡಕ್ಕ ಎಂದ ಹೊಂಟಿ?"

ನಾನು ಅದನ್ನು ಚುಚ್ಚುಮಾತು ಎಂದುಕೊಂಡೆ. "ಕುಣ್ಯಾಗ ನೀರು ನಿಂತಾವು, ಎಲ್ಲಿಗೆ ಹೋಗ್ಲಿ?" ಎಂದೆ. ಅವನು ಏನೋ ಹೇಳಲು ಬಾಯಿ ತೆರೆದ, ಇಲ್ಲವೇ ಬರೀ ಆಕಳಿಸಿದ. ಅಕ್ಕ ಅಡಿಗೆಮನೆಯಲ್ಲಿದ್ದಳು. ಕುಣಿಯ ಮೇಲೆ ಹಲಗೆ ಮುಚ್ಚಿತ್ತು. ನಾನು ಹಲಗೆ ತೆಗೆದು ನೋಡಿದೆನೇ? ನೀರು, ತೇಲುವ ಕೆಂಪು ಎಳೆ ಕಾಣುತ್ತದೆ, ಆದರೆ ಆ ಎರಡು ದಿನ ಎಷ್ಟೋ ಕುಣಿಗಳಲ್ಲಿ ನಿಂತಿದ್ದೆ, ಎಲ್ಲ ಕುಣಿಗಳೂ ಒಂದೇ ಅಳತೆಯವು, ಆ ಹಂಗಾಮಿನಲ್ಲಿ ಎಲ್ಲರೂ ಕೆಂಪು ಅಂಚನ್ನೇ ನೇಯುತ್ತಿದ್ದರು.

ಮರುದಿನ ಧಾರವಾಡಕ್ಕೆ ಬರಲಾಗುವುದಿಲ್ಲ ಎಂದು ಬರೆದು ಹಾಕಿದೆ.

ಕಲ್ಲು ಎಬ್ಬಿಸಲು ಯಾರೂ ಮತ್ತೊಂದು ಹಾಸು ಹಾಕಲಿಲ್ಲ. ಚಳಿಗಾಲದಲ್ಲಿ ಗಂಡಸರೇ ಸೇರಿ ಉಳಿಯಿಂದ ಗಟಾರದ ತಳವನ್ನು ಮೋರಿಯ ಕಡೆಗೆ ಆಳ ಮಾಡುತ್ತಾ ಕಡಿದರು. ಒಂದಿಷ್ಟು ನೀರು ಹೋಗತೊಡಗಿತು, ಜೋರು ಮಳೆಯಾದರೆ ನಿಲ್ಲುತ್ತಿತ್ತು. ಫರಸಿ ಹಾಗೇ ಉಳಿಯಿತು. ನಾನು ಗದಗಿನ ಒಂದು ಹೈಸ್ಕೂಲಿಗೆ ಸೇರಿದೆ. ಅಪ್ಪ ಆ ಚಳಿಗಾಲ ಮತ್ತೆ ಮಗ್ಗಕ್ಕೆ ಕೂತ. ಅಷ್ಟರಲ್ಲಿ ಕುಣಿ ಒಣಗಿರಬೇಕು ಎಂದುಕೊಂಡೆ. ಅಕ್ಕ ಹೇಳುವುದೇ ಬೇರೆ: ತಾನು ದೀಪಾವಳಿಗೆ ಉಟ್ಟ ಸೀರೆಯನ್ನು ಅಪ್ಪ ಆ ಮಳೆ ನಿಂತ ಮರುದಿನವೇ ಮಗ್ಗದಿಂದ ಕೊಯ್ದು ಕೊಟ್ಟ, ನೀರಿನಲ್ಲಿ ಕೂತು ನೇಯುವ ಕಾಲು ಅವನಿಗಿತ್ತೇ? ಅದು ಮುಂದಿನ ವರ್ಷದ ದೀಪಾವಳಿ ಎಂದು ನಾನು. ಅವಳು ಮದುವೆಯಾಗಿ ಮುಂಡರಗಿಗೆ ಹೋದ ಮೇಲೂ, ಅಪ್ಪ ತೀರಿದ ಮೇಲೂ ಈ ಜಗಳ ನಡೆಯಿತು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ವಿದ್ಯುತ್ ಮಗ್ಗಗಳು ಬಂದು ಓಣಿಯಲ್ಲಿ ಹಾಸು ಬಿಗಿಯುವವರೇ ಇರಲಿಲ್ಲ. ನಮ್ಮ ಬೀದಿಗೋಡೆಯನ್ನು ಇಟ್ಟಂಗಿಯಿಂದ ಕಟ್ಟಿಸಲು ಹಳೆಯ ಕುಣಿ ಮುಚ್ಚಿಸಿದೆ. ಅಕ್ಕ ನೋಡಲು ಬಂದಿದ್ದಳು, ಮತ್ತೆ ಅದೇ ಮಾತು ಬಂತು. ಕೆಲಸದವರು ಊಟಕ್ಕೆ ಹೋಗಿದ್ದರು. ಅವರು ಮಟ್ಟ ನೋಡುವ ನೀರು ತುಂಬಿದ ಪಾರದರ್ಶಕ ಪೈಪು ಕಟ್ಟೆಯ ಮೇಲೆ ಸುರುಳಿ ಸುತ್ತಿ ಬಿದ್ದಿತ್ತು. ಅದರ ಒಂದು ತುದಿಯನ್ನು ಅಕ್ಕನ ಕೈಗೆ ಕೊಟ್ಟು ನಮ್ಮ ಬಾಗಿಲ ಮುಂದೆ ನಿಲ್ಲಿಸಿದೆ. ಇನ್ನೊಂದು ತುದಿ ಹಿಡಿದು ಮನೆಯಿಂದ ಮನೆಗೆ ಹೋದೆ. ಸಗಣಿಯ ಸಾರಣೆ, ಧೂಳು ಕೂತ, ನಾನು ದಿನಾ ತುಳಿದ ಕಲ್ಲುಗಳನ್ನು ಮೊದಲ ಸಲ ಬೆರಳಿಟ್ಟು ಅಳೆದೆ. ನಂಬಿಕೆ ಬಾರದೆ ತುದಿಗಳನ್ನು ಅದಲುಬದಲು ಮಾಡಿಕೊಂಡು ಮತ್ತೊಮ್ಮೆ ನೋಡಿದೆವು. ಓಣಿ ಬಾಯಿಂದ ಗೋದಾಮಿನ ತನಕ ಈಗಲೂ ನೂಲು ಹಿಡಿದಂತೆ ಸಪಾಟು. ನಮ್ಮ ಗೋಡೆಯ ಬುಡದ ಫರಸಿ ಮಾತ್ರ ಉಳಿದದ್ದಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿದೆ, ನೀರು ಅಲ್ಲಿ ನಿಲ್ಲದ ಹಾಗೆ ಗೋಡೆಯಿಂದ ಆಚೆಗೆ ಇಳಿದಿದೆ, ಮತ್ತು ಆ ಕಲ್ಲುಗಳ ಸಂದಿನಲ್ಲಿರುವುದು ಓಣಿಯ ಉಳಿದ ಸಂದುಗಳಲ್ಲಿರುವ, ಗೌಂಡಿ ಆ ವರ್ಷ ಕಲಸಿದ, ಅದೇ ಹಳೆಯ ಸುಣ್ಣ.